ಉರ್ಸುಲಾಬಾಯಿಯ ಕಣಗಿಲೆ

ಮಣ್ಣಗುಡ್ಡದಲ್ಲಿ ಉರ್ಸುಲಾಬಾಯಿಯ ಮನೆ ಯಾವುದೆಂದು ಕೇಳಿದರೆ ಆ ಕಾಲದಲ್ಲಿ ಯಾರೂ ಬೀದಿಯ ಗುರುತು ಹೇಳುತ್ತಿರಲಿಲ್ಲ. "ಅಗೋ, ಬಿಳಿ ಕಣಗಿಲೆ ಕಾಣ್ತದಲ್ಲ, ಅದೇ" ಎನ್ನುತ್ತಿದ್ದರು. ಬಾವಿಕಟ್ಟೆಯ ಪಕ್ಕದಲ್ಲಿ ಮಾಡಿನ ಹಂಚು ಮುಟ್ಟುವಷ್ಟು ಬೆಳೆದ ಗಿಡ ಅದು. ಬಚ್ಚಲ ನೀರೆಲ್ಲ ಅದರ ಬುಡಕ್ಕೇ ಹರಿಯುತ್ತಿದ್ದುದರಿಂದ ಸುಡುಬೇಸಿಗೆಯಲ್ಲೂ ಹೂವಿಗೆ ಬರವಿರಲಿಲ್ಲ. ನೆಟ್ಟವಳು ಅಜ್ಜಿ. ಸಾಂ ಜುಜೆ, ಅಂದರೆ ಯೇಸುವಿನ ಸಾಕುತಂದೆ ಸಂತ ಜೋಸೆಫರು, ಮರಿಯಮ್ಮನನ್ನು ವರಿಸುವ ಹೊತ್ತಿಗೆ ಅವರ ಕೈಯ ಒಣಕೋಲು ಚಿಗುರಿ ಹೂ ಬಿಟ್ಟಿತಂತೆ. ಆ ಹೂ ಕಣಗಿಲೆಯೇ ಎಂಬುದು ಅಜ್ಜಿಯ ತೀರ್ಮಾನ. ಅಲ್ಲ, ಲಿಲ್ಲಿ ಹೂ ಎಂದು ಯಾರಾದರೂ ಬಾಯಿ ತೆರೆದರೆ, "ನೀವು ಅಲ್ಲಿ ಇದ್ದಿರಾ?" ಎಂದು ಕೇಳುತ್ತಿದ್ದಳಂತೆ. ಅವಳು ಇದ್ದಳೋ ಎಂದು ತಿರುಗಿ ಕೇಳುವ ಎದೆಗಾರಿಕೆ ಇಡೀ ಕೇರಿಯಲ್ಲಿ ಒಬ್ಬರಿಗೂ ಇರಲಿಲ್ಲ. ಮೊಮ್ಮಗಳಿಗೆ ಆ ಗಿಡವೂ ಬಂತು, ಆ ಹಟವೂ ಬಂತು.

ಉರ್ಸುಲಾ ಹೊಲಿಗೆಯವಳು. ಮೊದಲ ಪರಮಪ್ರಸಾದಕ್ಕೆ ಹೋಗುವ ಹೆಣ್ಣುಮಕ್ಕಳ ಬಿಳಿ ಫ್ರಾಕು, ಇಗರ್ಜಿಯ ಪೀಠದ ಹಾಸು, ಮದುಮಗಳ ತಲೆಯ ಜಾಲರಿ, ಹೀಗೆ ಕೊಟ್ಟಾರದಿಂದ ಕದ್ರಿಯವರೆಗಿನ ಕ್ರಿಸ್ತಾಂವ್ ಮನೆಗಳಲ್ಲಿ ಅವಳ ಸೂಜಿ ಹಾಯದ ಬಿಳಿ ಬಟ್ಟೆ ಅಪರೂಪ. ಎಷ್ಟೋ ಮದುವಣಗಿತ್ತಿಯರಿಗೆ ಹೊಲಿದುಕೊಟ್ಟವಳಿಗೆ ತನಗಾಗಿ ಹೊಲಿದುಕೊಳ್ಳುವ ಕಾಲ ಬರಲಿಲ್ಲ. ತಾಯಿ ತೀರಿಕೊಂಡಾಗ ತಮ್ಮ ಹ್ಯೂಬರ್ಟ್ ತೊಟ್ಟಿಲಲ್ಲಿದ್ದ. ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ಇವಳೇ. ನೆಂಟಸ್ತಿಕೆ ಕೇಳಿಕೊಂಡು ಬಂದವರಿಗೆಲ್ಲ ಅವಳದು ಒಂದೇ ಪ್ರಶ್ನೆ: "ಹ್ಯೂಬರ್ಟ್ ಎಲ್ಲಿ ಇರುವುದು?" ಬಂದವರು ಕಾಫಿ ಕುಡಿದು, ಬಿಸ್ಕುಟ್ ತಿಂದು, ಹೋಗಿಬಿಡುತ್ತಿದ್ದರು.

ಹ್ಯೂಬರ್ಟ್ ದೊಡ್ಡವನಾಗಿ ಅಚ್ಚುಕೂಟ ಸೇರಿದ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕೆಲಸ. ತಲೆಕೆಳಗಾದ ಅಕ್ಷರಗಳನ್ನು ಅವನು ನಾವು ನೆಟ್ಟಗಿನವನ್ನು ಓದುವುದಕ್ಕಿಂತ ಬೇಗ ಓದುತ್ತಿದ್ದ. ಮಾತಂತೂ ಬಾಯಿಗೆ ಬೀಗವಿಲ್ಲದ ಮಾತು. ಸಂಜೆ ಕರಿ ಬೆರಳುಗಳನ್ನು ಸೀಗೆಪುಡಿ ಹಾಕಿ ಉಜ್ಜುತ್ತ, ಊರಿನಲ್ಲಿ ಯಾರು ಸತ್ತರು, ಯಾರ ಮಗನಿಗೆ ಸಂಬಂಧ ಕೂಡಿತು, ಎಲ್ಲವನ್ನೂ ಅಚ್ಚಾಗುವ ಮುಂಚೆಯೇ ಅಕ್ಕನಿಗೆ ಒಪ್ಪಿಸುತ್ತಿದ್ದ. "ಸ್ವಲ್ಪ ಉಸಿರು ಬಿಡು ಮಾರಾಯ" ಎಂದು ಅವಳು ಗದರುತ್ತಿದ್ದಳು. ಹಾಗೆ ಗದರಿದ್ದನ್ನು ನೆನೆದು ಆಮೇಲೆ ಅವಳು ಎಷ್ಟು ಸಲ ನಾಲಿಗೆ ಕಚ್ಚಿಕೊಂಡಳೋ!

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ, ಬೇಸಿಗೆಯ ಮೊದಲಲ್ಲಿ, ಐವತ್ತು ದಾಟಿದ ಹ್ಯೂಬರ್ಟ್ ಮೊಳೆಗಳ ಖಾನೆಯ ಮುಂದೆ ನಿಂತಲ್ಲೇ ಕುಸಿದ. ಪಕ್ಷವಾತ. ಬಲಗೈ ಬಲಗಾಲು ಸತ್ತವು, ಮಾತು ಪೂರ್ತಿ ನಿಂತಿತು. ಅಕ್ಕ ಸ್ಲೇಟು ಕೊಟ್ಟಳು. ಎಡಗೈಯಲ್ಲಿ ಬಳಪ ಹಿಡಿದು ಎಳೆದ ಗೀರುಗಳಲ್ಲಿ ಒಂದೂ ಅಕ್ಷರವಾಗಲಿಲ್ಲ. ಜೀವನವೆಲ್ಲ ಅಕ್ಷರ ಮುಟ್ಟಿದವನು ತನ್ನ ಗೀರುಗಳನ್ನು ತಾನೇ ನೋಡಿ ಮಗುವಿನ ಹಾಗೆ ಅತ್ತ. ಅವಳು ಸ್ಲೇಟನ್ನು ಅಟ್ಟಕ್ಕೆ ಎಸೆದು, ಅಜ್ಜಿಯ ಕಾಲದ ಸಾಂ ಜುಜೆಯ ಪಟವನ್ನು ತಂದು ಅವನ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಇಟ್ಟಳು. ತಮ್ಮನ ಬಾಯಲ್ಲಿ ಮಾತು ಬರುವವರೆಗೆ ಪ್ರತಿ ಬುಧವಾರ, ಅದು ಆ ಸಂತನ ದಿನ, ಹೊಸ ಕಣಗಿಲೆ ಇಡುತ್ತೇನೆ ಎಂದು ಹರಕೆ ಹೊತ್ತಳು.

ಹೂ ಇಡುವುದಕ್ಕೆ ಅಗಲ ಬಾಯಿಯ ಒಂದು ಗಾಜಿನ ಪಾತ್ರೆ. ಬುಧವಾರ ಬಾಡಿದ ಗೊಂಚಲು ತೆಗೆದು ಹೊಸದನ್ನು ಇಡುತ್ತಿದ್ದಳು. ಆದರೆ ನೀರು ಚೆಲ್ಲುತ್ತಿರಲಿಲ್ಲ. ಸಂತನ ಮುಂದಿದ್ದ ನೀರನ್ನು ಕಾಲಿಗೆ ಸಿಗುವಲ್ಲಿ ಚೆಲ್ಲಬಾರದು ಎಂದು ಅಜ್ಜಿ ಕಲಿಸಿದ್ದಳು. ಹಾಗಾಗಿ ಆರಿದಷ್ಟಕ್ಕೆ ಮೇಲಿನಿಂದ ಹೊಯ್ಯುವುದು ಅಷ್ಟೇ. ಹೂ ಬದಲಾಗುತ್ತಿತ್ತು, ನೀರು ಅದೇ. ಕಣಗಿಲೆಯ ಬೇರು ಅರೆದು ಕುಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ಊರಿನ ಹೆಂಗಸರಿಗೆಲ್ಲ ಗೊತ್ತು, ಉರ್ಸುಲಾಳಿಗೂ ಗೊತ್ತು. ಆದರೆ ಬೇರು ಬೇರು, ಹೂ ಹೂ. ಅದರಲ್ಲೂ ಸಂತನ ಮುಂದೆ ಕೂತ ಹೂವಿನ ಮೇಲೆ ಯಾರಾದರೂ ಸಂಶಯ ಪಡುತ್ತಾರೆಯೇ?

ಆ ಮನೆಯಲ್ಲಿ ಕೊರ್ನೆಲ್, ಅಂದರೆ ಕರ್ನಲ್, ಎಂಬ ಹಳದಿ ಗಂಡುಬೆಕ್ಕು ಇತ್ತು. ಎದೆ ಮುಂದೆ ಮಾಡಿ ಬಾಲ ನೆಟ್ಟಗೆ ನಿಲ್ಲಿಸಿ ನಡೆಯುವುದರಿಂದ ಹ್ಯೂಬರ್ಟನೇ ಇಟ್ಟ ಹೆಸರು. ಒಡೆಯ ಮಲಗಿದ ಮೇಲೆ ಅದು ಬೇಟೆ, ಜಗಳ, ಹೆಣ್ಣುಬೆಕ್ಕು ಎಲ್ಲ ಬಿಟ್ಟು ಅವನ ಸತ್ತ ಬಲಗೈಯ ಪಕ್ಕದಲ್ಲಿ ಸುತ್ತಿಕೊಂಡಿತು. ಒಂದು ಮಧ್ಯಾಹ್ನ ಉರ್ಸುಲಾ ಗಂಜಿ ತೆಗೆದುಕೊಂಡು ಬಂದಾಗ, ಆ ಕೈಯ ಕಿರುಬೆರಳು ಬೆಕ್ಕಿನ ಕಿವಿಯ ಹಿಂದೆ ತುಸು ಅಲ್ಲಾಡುತ್ತಿತ್ತು. ಹ್ಯೂಬರ್ಟ್ ತುಟಿ ಕೂಡಿಸಿ, ಬೆವರಿ, "ಮಾ" ಎಂದ. ಕೊಂಕಣಿಯಲ್ಲಿ ಬೆಕ್ಕಿಗೆ ಮಾಜರ್. ಆ ಪದದ ತಲೆ ಮಾತ್ರ ಹೊರಗೆ ಬಂದಿತ್ತು. ಉರ್ಸುಲಾ ಗಂಜಿಯ ಬಟ್ಟಲನ್ನು ನೆಲಕ್ಕಿಟ್ಟು ಅಲ್ಲೇ ಮೊಣಕಾಲೂರಿದಳು. ಆ ದಿನದ ಸಂತೋಷ ಅವಳಿಗೆ ಮತ್ತೆ ಎಂದೂ ಸಿಗಲಿಲ್ಲ.

ಬೆಕ್ಕಿಗೆ ತನ್ನ ತಟ್ಟೆಯ ನೀರಿಗಿಂತ ಇನ್ನೊಬ್ಬರ ಪಾತ್ರೆಯ ನೀರು ರುಚಿ. ಉರ್ಸುಲಾ ಹೊಲಿಗೆಯಂತ್ರದ ಮುಂದೆ, ಹೊರಗಿನ ಚಾವಡಿಯಲ್ಲಿ, ಬೀದಿಗೆ ಮುಖ ಮಾಡಿ ಕೂರುವವಳು. ಒಳಗಿನ ಕೋಣೆಯಲ್ಲಿ ಕೊರ್ನೆಲ್ ಮೇಜಿಗೆ ಹಾರಿ ಸಂತನ ಪಾತ್ರೆಗೆ ನಾಲಿಗೆ ಹಾಕಿದ್ದನ್ನು ಅವಳು ನೋಡಲಿಲ್ಲ. ನೋಡಿದವನು ಹ್ಯೂಬರ್ಟ್ ಒಬ್ಬನೇ. ಸಂಜೆಗೆ ಬೆಕ್ಕು ಜೊಲ್ಲು ಸುರಿಸಿ, ಹಸಿರಾಗಿ ಕಾರಿ, ಮಂಚದ ಕೆಳಗೆ ಕಾಲು ಚಾಚಿ ಸತ್ತಿತು.

ಪಕ್ಕದ ಮನೆಯಲ್ಲಿ ದೇಯಿ ಇದ್ದಳು. ತುಳುವರ ವಿಧವೆ, ಒಂದು ದನ, ಒಂದಷ್ಟು ಕೋಳಿ, ಹಾಲು ಮಜ್ಜಿಗೆಯ ವ್ಯಾಪಾರ. ಕೊರ್ನೆಲ್ ಅವಳ ಕೋಳಿಮರಿಗಳನ್ನು ಕಂಪೌಂಡಿನ ಈಚೆ ತಂದು ತಿಂದದ್ದು ಒಂದೆರಡು ಸಲವಲ್ಲ. ಒಮ್ಮೆ ಅವಳು ಪಾಗಾರದ ಗೋಡೆಯ ಮೇಲಿನಿಂದ, "ನಿಮ್ಮ ಪುಚ್ಚೆಗೆ ಒಂದು ದಿನ ನಾನು ಎಂತಾದ್ರೂ ಹಾಕಿಬಿಡ್ತೇನೆ ಬಾಯಮ್ಮ, ನೋಡಿ!" ಎಂದು ಕೂಗಿದ್ದಳು. ಸಿಟ್ಟಿನಲ್ಲಿ ಎಲ್ಲರೂ ಆಡುವ ಮಾತು. ಆದರೆ ಸತ್ತ ಬೆಕ್ಕನ್ನು ಗೋಣಿಯಲ್ಲಿ ಸುತ್ತುವಾಗ ಉರ್ಸುಲಾಳಿಗೆ ಬೇರೆ ಯಾವ ಮಾತೂ ನೆನಪಾಗಲಿಲ್ಲ.

ತಮ್ಮನ ಕೈ ಮತ್ತೆ ಕಲ್ಲಾಗಬಾರದೆಂದು ಅವಳು ಬೇಗನೆ ಮೊಗ್ರೆ ಎಂಬ ಬಿಳಿ ಹೆಣ್ಣುಬೆಕ್ಕನ್ನು ತಂದಳು. ಹ್ಯೂಬರ್ಟ್ ಅದನ್ನು ಕಂಡು ಖುಷಿಪಟ್ಟ, ಆದರೆ ಆ ಖುಷಿಯ ಒಳಗೇ ಒಂದು ಗಾಬರಿ ಸೇರಿಕೊಂಡಿತ್ತು. ಎಡಗೈ ಎತ್ತಿ ಪಟದ ಕಡೆ ತೋರಿಸುವನು, ಗಂಟಲಲ್ಲಿ ಗೊರಗೊರ ಸದ್ದು ಮಾಡುವನು, ಮತ್ತೆ ತೋರಿಸುವನು. "ಹೌದು ಮಗಾ, ಸಾಂ ಜುಜೆಯೇ ಕಾಪಾಡುವುದು" ಎಂದು ಉರ್ಸುಲಾ ಕಣ್ಣೊರೆಸಿಕೊಂಡು ಇನ್ನೊಂದು ಗೊಂಚಲು ತಂದು ಸಿಕ್ಕಿಸಿದಳು. ತಮ್ಮನಿಗೆ ಇಷ್ಟು ಭಕ್ತಿ ಬಂತಲ್ಲ ಎಂದು ಅವಳಿಗೆ ಹೆಮ್ಮೆ. ಮಾತು ಇದ್ದಾಗ ಪೂಜೆಗೆ ತಡವಾಗಿ ಹೋಗಿ ಹಿಂದಿನ ಬಾಗಿಲಲ್ಲಿ ನಿಲ್ಲುತ್ತಿದ್ದವನು ಅವನು!

ಮೊಗ್ರೆಯೂ ಸತ್ತಿತು. ಅದೇ ಜೊಲ್ಲು, ಅದೇ ಹಸಿರು ಕಾರುವಿಕೆ.

ಈ ಸಲ ಉರ್ಸುಲಾ ಬಾಯಿ ಮುಚ್ಚಿ ಕೂರಲಿಲ್ಲ. ಬೀದಿಯ ಹೆಂಗಸರ ಎದುರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಲು ಹೊತ್ತು ಬಂದ ದೇಯಿಯ ಕಡೆ ಕೈ ತೋರಿಸಿ, "ನನ್ನ ತಮ್ಮನ ಮಾತು ತೆಗೆದವಳು ಇವಳು. ಬೆಕ್ಕಿಗೆ ವಿಷ ಹಾಕುವ ಕೈಯಲ್ಲಿ ಹಾಲು ಅಳೆಯುತ್ತಾಳೆ, ನೀವು ಮಕ್ಕಳಿಗೆ ಕುಡಿಸುತ್ತೀರಿ" ಎಂದುಬಿಟ್ಟಳು.

ದೇಯಿ ಹಾಲಿನ ಚೆಂಬು ಕೆಳಗಿಟ್ಟಳು. "ಎಂತ ಹೇಳ್ತಾ ಇದ್ದೀರಿ ಬಾಯಮ್ಮ? ನನ್ನ ದೈವದ ಆಣೆ ಉಂಟು, ನಾನು ಮುಟ್ಟಲಿಲ್ಲ."

"ಅಂದು ಪಾಗಾರದ ಮೇಲೆ ಹೇಳಿದ್ದು ಯಾರು ಹಾಗಾದ್ರೆ?"

ದೇಯಿ ಚೆಂಬು ಎತ್ತಿಕೊಂಡು ಮನೆಗೆ ಹೋದಳು. ಮರುದಿನದಿಂದ ಮನೆ ಮನೆಯಲ್ಲಿ ಅವಳ ಹಾಲು ಬೇಡವಾಯಿತು. ಒಂದು ಮಾತಿನಿಂದ ಒಬ್ಬಳ ಅನ್ನ ಹೋಯಿತು. ಉರ್ಸುಲಾ ಇದನ್ನು ಕಂಡಳು, ನ್ಯಾಯವೇ ಆಯಿತು ಎಂದುಕೊಂಡಳು. ಹಟದವರಿಗೆ ಇರುವ ದೊಡ್ಡ ಸೌಕರ್ಯ ಇದು, ತಪ್ಪು ಮಾಡುವಾಗಲೂ ಅವರಿಗೆ ಒಳ್ಳೆಯ ನಿದ್ದೆ ಬರುತ್ತದೆ.

ಹ್ಯೂಬರ್ಟ್ ಮಾತ್ರ ದಿನದಿಂದ ದಿನಕ್ಕೆ ಕೆರಳಿದ. ಕೈಗೆ ಎಟುಕಿದ ದಿಂಬನ್ನು ಪಟದ ಕಡೆ ಎಸೆದ. ಇದು ಭಕ್ತಿಯಲ್ಲ ಎಂದು ಉರ್ಸುಲಾಳಿಗೆ ಈಗ ಹೊಳೆಯಿತು, ಆದರೆ ಹೊಳೆದದ್ದು ತಪ್ಪು ದಾರಿಯಲ್ಲಿ. ರೋಗದಿಂದ ನೊಂದ ತಮ್ಮನು ದೇವರ ಮೇಲೇ ಮುನಿದಿದ್ದಾನೆ ಎಂದು ತಿಳಿದು, ಸಂತನ ಪಾತ್ರೆಯ ನೀರಿಗೆ ಬೆರಳದ್ದಿ ಬುಧವಾರ ಬುಧವಾರ ಅವನ ತುಟಿಗೆ ಮುಟ್ಟಿಸಲು ಹೋದಳು. ಅವನು ತುಟಿ ಬಿಗಿಹಿಡಿದು, ತಲೆ ಅಲ್ಲಾಡಿಸಿ, ಮುಖವನ್ನು ಗೋಡೆಗೆ ತಿರುಗಿಸಿದ. ಎಷ್ಟು ಬೇಡಿದರೂ ಬಾಯಿ ತೆರೆಯಲಿಲ್ಲ. ಉರ್ಸುಲಾ ಇಗರ್ಜಿಯ ವಿಗಾರರ ಹತ್ತಿರ ಹೋಗಿ ಅತ್ತಳು. "ನಂಬಿಕೆ ಬಿಡಬೇಡ, ಹರಕೆ ನಿಲ್ಲಿಸಬೇಡ" ಎಂದರು ಅವರು. ಪಾಪ, ಅವರಾದರೂ ಬೇರೆ ಏನು ಹೇಳಿಯಾರು?

ಮೂರನೆಯ ಮರಿಯನ್ನು ತಂದುಕೊಟ್ಟವನು ಮೀನಿನ ಮೊಯ್ದೀನಬ್ಬ. ಬಂದರಿನಲ್ಲಿ ಬಲೆಗಳ ನಡುವೆ ಹುಟ್ಟಿದ ಬೂದು ಮರಿ, ಅವನ ಬುಟ್ಟಿಯಲ್ಲಿ ಭೂತಾಯಿ ಮೀನಿನ ಮೇಲೆ ರಾಜನ ಹಾಗೆ ಕೂತು ಬಂತು. "ಇದಕ್ಕೆ ಆಯುಸ್ಸು ಉಂಟು ಬಾಯಮ್ಮ. ನನ್ನ ಬುಟ್ಟಿಯಲ್ಲಿ ಬಂದು ಮೀನು ಕದಿಯದ ಪೂಚೆ ಇದೊಂದೇ" ಎಂದು ನಕ್ಕ. ಉರ್ಸುಲಾ ನಗಲಿಲ್ಲ. ಅದಕ್ಕೆ ಹೆಸರನ್ನೂ ಇಡಲಿಲ್ಲ. ಹೆಸರು ಹಿಡಿದು ಕರೆದರೆ ಸಾವಿಗೂ ಕೇಳಿಸುತ್ತದೆ ಎಂಬ ಹೆದರಿಕೆ ಅವಳನ್ನು ಹಿಡಿದಿತ್ತು.

ಹ್ಯೂಬರ್ಟನ ಕೈ ಈ ಹೊತ್ತಿಗೆ ಪುನಃ ಮರಗಟ್ಟಿತ್ತು. ಊಟ ಸೇರುತ್ತಿರಲಿಲ್ಲ. ಈ ಮರಿಯೂ ಹೋದರೆ ತಮ್ಮನೂ ಹೋಗುತ್ತಾನೆ ಎಂದು ಉರ್ಸುಲಾಳಿಗೆ ಖಚಿತವಾಗಿತ್ತು. ಅದಕ್ಕೇ ಅವಳು ಮರಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಲು ನಿಂತಳು. ದೇಯಿಯ ಕಡೆಯ ಕಿಟಕಿಗೆ ಹಲಗೆ ಹೊಡೆಸಿದಳು. ಅಂಗಳಕ್ಕೆ ಬಿಡಲಿಲ್ಲ, ಅಡುಗೆಮನೆಗೂ ಬಿಡಲಿಲ್ಲ. ಹಾಲನ್ನು ಮೊದಲು ತಾನು ಕುಡಿದು ನೋಡಿ ಆಮೇಲೆ ಕೊಡುತ್ತಿದ್ದಳು, ಯಾರಾದರೂ ಏನಾದರೂ ಬೆರೆಸಿಯಾರೆಂದು ತಟ್ಟೆಯನ್ನು ಕೂಡಲೇ ಎತ್ತಿ ಒಯ್ಯುತ್ತಿದ್ದಳು. ಚಾವಡಿಯಲ್ಲಿ ಹೊಲಿಗೆಗೆ ಕೂರುವಾಗ ಮರಿಯನ್ನು ಹ್ಯೂಬರ್ಟನ ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಇಡೀ ಮಣ್ಣಗುಡ್ಡದಲ್ಲಿ ಅಷ್ಟು ಭದ್ರವಾದ ಬೆಕ್ಕು ಇನ್ನೊಂದಿರಲಿಲ್ಲ. ಆ ಚಿಲಕ ಹಾಕಿದ ಕೋಣೆಯಲ್ಲಿ, ಆ ಸೆಕೆಯಲ್ಲಿ, ಕುಡಿಯಲು ಇದ್ದದ್ದು ಸಂತನ ಪಾತ್ರೆಯ ನೀರು ಮಾತ್ರ.

ಚಿಲಕ ಬೀಳುವ ಸದ್ದಿಗೆ ಹ್ಯೂಬರ್ಟ್ ಒಳಗಿನಿಂದ ಊಳಿಡುತ್ತಿದ್ದ. "ನಿನ್ನ ಒಳ್ಳೆಯದಕ್ಕೇ ಮಗಾ" ಎಂದು ಉರ್ಸುಲಾ ಹೊರಗಿನಿಂದ ಹೇಳಿ ಯಂತ್ರ ತುಳಿಯುತ್ತಿದ್ದಳು.

ಒಂದು ಮಧ್ಯಾಹ್ನ ಊಳಿಡುವ ಸದ್ದು ಕೇಳಿಸಲಿಲ್ಲ. ಬದಲಿಗೆ ಭಾರವಾದದ್ದೇನೋ ಬಿದ್ದ ಸದ್ದು, ಅದರ ಬೆನ್ನಿಗೇ ಗಾಜು ಒಡೆದ ಸದ್ದು ಬಂತು. ಚಿಲಕ ತೆಗೆದು ನೋಡಿದರೆ ಹ್ಯೂಬರ್ಟ್ ನೆಲದ ಮೇಲೆ ಬಿದ್ದಿದ್ದ. ಮೇಜು ಮಗುಚಿತ್ತು, ಪಟ ಕವುಚಿ ಬಿದ್ದಿತ್ತು, ಕಣಗಿಲೆಯ ಗೊಂಚಲುಗಳು ನೀರಿನಲ್ಲಿ ಹರಡಿದ್ದವು. ಮರಿ ಆ ನೀರಿಗೆ ಬಾಯಿ ಹಾಕಲು ಬರುತ್ತಿತ್ತು. ಹ್ಯೂಬರ್ಟ್ ಎಡಗೈಯಿಂದ ಅದಕ್ಕೆ ಪಟಾರನೆ ಹೊಡೆದ.

"ನೀನೂ ಹೊಡೆಯುತ್ತೀಯಾ?" ಎಂದು ಉರ್ಸುಲಾ ಚೀರಿದಳು. "ನಿನಗೋಸ್ಕರ ನಾನು..."

ಅವನು ಅವಳ ಮಾತಿಗೆ ಕಿವಿ ಕೊಡಲಿಲ್ಲ. ಮರಿ ಬಾಯಾರಿ ಮತ್ತೆ ಬಂತು, ಅವನು ಮತ್ತೆ ತಳ್ಳಿದ. ಅಂಗಿಯ ತೋಳಿನಿಂದ ನೀರನ್ನು ಬಳಿದು ಬಳಿದು ತನ್ನ ಎದೆಯ ಕೆಳಗೆ ಎಳೆದುಕೊಳ್ಳುತ್ತಿದ್ದ, ಅಂಗೈಗೆ ಗಾಜು ಚುಚ್ಚಿ ರಕ್ತ ಬಂದದ್ದೂ ಗೊತ್ತಿಲ್ಲದ ಹಾಗೆ. ಆಮೇಲೆ ಒಂದು ಕಣಗಿಲೆಯ ಗೊಂಚಲನ್ನು ಎತ್ತಿ ಅಕ್ಕನಿಗೆ ತೋರಿಸಿದ. ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದ.

ಬುಧವಾರ ಬುಧವಾರ ಅವನು ಮಾಡುತ್ತಿದ್ದ ಅದೇ ಸನ್ನೆ. ಕೊರ್ನೆಲ್, ಮೊಗ್ರೆ, ಪಟದ ಕಡೆಗೆ ಎತ್ತಿದ ಆ ಕೈ, ಎಸೆದ ದಿಂಬು, ಗೋಡೆಗೆ ತಿರುಗಿದ ಮುಖ, ಎಲ್ಲವೂ ಉರ್ಸುಲಾಳಿಗೆ ಒಟ್ಟಿಗೆ ಅರ್ಥವಾಯಿತು. ತನ್ನ ಬೆರಳನ್ನು ತಾನೇ ನೋಡಿಕೊಂಡಳು, ಆ ನೀರಿನಲ್ಲಿ ಅದ್ದಿ ತಮ್ಮನ ಬಾಯಿಗೆ ಒಡ್ಡಿದ ಬೆರಳನ್ನು. ಮರಿಯ ಕುತ್ತಿಗೆ ಹಿಡಿದು ಎತ್ತಿ ಎದೆಗೊತ್ತಿಕೊಂಡು, ಅದರ ಬಾಯನ್ನು ಸೆರಗಿನಿಂದ ಉಜ್ಜಿದಳು, ಉಜ್ಜುತ್ತಲೇ ಇದ್ದಳು. ಮರಿ ಉಳಿಯಿತು.

ಹ್ಯೂಬರ್ಟನ ಸೊಂಟದ ಎಲುಬು ಮುರಿದಿತ್ತು. ಇನ್ನು ಕೂಡುವ ವಯಸ್ಸಲ್ಲ, ಕೂಡುವ ಶಕ್ತಿಯೂ ಇಲ್ಲ ಎಂದು ಡಾಕ್ಟರು ಹೊರಗೆ ಕರೆದು ಹೇಳಿದರು.

ಅದೇ ಸಂಜೆ ಉರ್ಸುಲಾ ಕತ್ತಿ, ಹಾರೆ ಹಿಡಿದು ಅಜ್ಜಿಯ ಗಿಡಕ್ಕೆ ಕೈ ಹಾಕಿದಳು. ಕೊಂಬೆಗಳನ್ನು ರಾಶಿ ಹಾಕಿ ಬೆಂಕಿ ಕೊಡಲು ಹೊರಟಾಗ ಪಾಗಾರದ ಆಚೆಯಿಂದ ದೇಯಿಯ ಸ್ವರ ಕೇಳಿಸಿತು. "ಸುಡ್ಬೇಡಿ. ಅದರ ಹೊಗೆಯೂ ಆಗುದಿಲ್ಲ. ಗುಂಡಿ ತೆಗ್ದು ಹೂಳಿ."

ಎಷ್ಟೋ ದಿನಗಳ ಮೇಲೆ ದೇಯಿ ಆಡಿದ ಮೊದಲ ಮಾತು ಅದು. ಉರ್ಸುಲಾ ಮಣ್ಣಿನ ಕೈಯಲ್ಲೇ ಪಾಗಾರದ ಹತ್ತಿರ ಹೋದಳು. "ದೇಯಿ, ಬೆಕ್ಕಿಗೆ ವಿಷ ಹಾಕಿದ್ದು ನಾನೇ. ಹೂವಿನ ನೀರು. ನಿನ್ನ ತಪ್ಪು ಎಂತದೂ ಇಲ್ಲ."

"ನನ್ನ ತಪ್ಪು ಇಲ್ಲ ಅಂತ ನನಗೆ ಮೊದಲೇ ಗೊತ್ತುಂಟಲ್ಲ" ಎಂದಳು ದೇಯಿ. "ಹಾಲು ಬೇಡ ಅಂದವರ ಮನೆಗೆ ಹೋಗಿ ಹೇಳಿ. ನನಗೆ ಹೇಳಿ ಎಂತ ಆಗ್ಲಿಕ್ಕುಂಟು?"

ಉರ್ಸುಲಾ ಹೋದಳು. ಮನೆ ಮನೆಯ ಮೆಟ್ಟಿಲಲ್ಲಿ ನಿಂತು ತನ್ನ ತಪ್ಪನ್ನು ತನ್ನ ಬಾಯಿಂದಲೇ ಹೇಳಿದಳು. ಸಂತನ ನೀರಿನಲ್ಲಿ ವಿಷ ಎಂದದ್ದಕ್ಕೆ ಕೆಲವರು ಕಿವಿ ಮುಚ್ಚಿಕೊಂಡರು. ಇವಳಿಗೂ ತಲೆ ಕೆಟ್ಟಿದೆ ಎಂದರು ಕೆಲವರು. ಹಾಲಿನ ಗಿರಾಕಿಗಳು ಕೆಲವರು ತಿರುಗಿ ಬಂದರು, ಎಲ್ಲರೂ ಬರಲಿಲ್ಲ. ಬೀದಿಗೆ ಬಿಟ್ಟ ಮಾತನ್ನು ಹಿಂದಕ್ಕೆ ಹೆಕ್ಕುವುದು ಎಷ್ಟು ಕಷ್ಟವೆಂದು ಅವಳು ಆಗ ಕಲಿತಳು.

ಹರಕೆ ಮಾತ್ರ ಉಳಿದಿತ್ತು. ಅವಳು ಮಕ್ಕಳ ಫ್ರಾಕಿನ ತುಂಡುಬಟ್ಟೆಗಳನ್ನು ಕತ್ತರಿಸಿ, ಎಸಳು ಎಸಳಾಗಿ ಮಡಿಸಿ, ಬುಧವಾರಕ್ಕೊಂದು ಬಿಳಿ ಬಟ್ಟೆಯ ಹೂ ಹೊಲಿದು ಪಟದ ಮುಂದೆ ಇಟ್ಟಳು. ಮರಿ ಅದನ್ನು ಎಳೆದುಕೊಂಡು ಹೋಗಿ ಮಂಚದ ಕೆಳಗೆ ಜಗಿಯುತ್ತಿತ್ತು. ನೆಲದ ಮೇಲೆ ಎರಡು ಕಡೆ ನೀರಿನ ತಟ್ಟೆ ಇರುತ್ತಿತ್ತು. ಹ್ಯೂಬರ್ಟ್ ಅದನ್ನೆಲ್ಲ ನೋಡುತ್ತ ಸುಮ್ಮನೆ ಮಲಗಿರುತ್ತಿದ್ದ. ಕಿರುಚಾಟ ಪೂರ್ತಿ ನಿಂತಿತು. ಆ ಮೌನ ಸಮಾಧಾನದ್ದೋ ಸುಸ್ತಿನದೋ ಎಂದು ಉರ್ಸುಲಾಳಿಗೆ ತಿಳಿಯುತ್ತಿರಲಿಲ್ಲ. ಈಗ ಅವಳು ಯಂತ್ರವನ್ನು ಕೋಣೆಯ ಒಳಗೇ ತಂದು, ಅವನ ಮುಖ ಕಾಣುವ ಹಾಗೆ ಕೂತು ಹೊಲಿಯುತ್ತಿದ್ದಳು.

ಆಟಿ ತಿಂಗಳ, ಅಂದರೆ ಆಷಾಢದ ಹೊತ್ತಿನ, ಮಳೆಯಲ್ಲಿ ಅವನು ತೀರಿಕೊಂಡ. ಕೊನೆಯವರೆಗೂ "ಮಾ" ದಾಟಿ ಮಾತು ಬೆಳೆಯಲಿಲ್ಲ.

ಊರಿನ ಕ್ರಿಸ್ತಾಂವರು ಕೊಡೆ ಹಿಡಿದು ಹೂ ತಂದರು. ಸೇವಂತಿಗೆಯ ಹಾರ, ಎಲ್ಲಿಂದಲೋ ಕೊಯ್ದ ಬಿಳಿ ಕಣಗಿಲೆಯ ಚಕ್ರ, ಲಿಲ್ಲಿ. ಉರ್ಸುಲಾ ಕರಿಸೀರೆಯಲ್ಲಿ ಗೇಟಿಗೆ ಅಡ್ಡ ನಿಂತಳು. "ಜನ ಒಳಗೆ ಬನ್ನಿ. ಹೂ ಒಳಗೆ ಬರುವುದು ಬೇಡ."

ಸಾವಿನ ಮನೆಗೆ ತಂದ ಹೂವನ್ನು ತಿರುಗಿಸಿದ್ದನ್ನು ಯಾರೂ ಕಂಡಿರಲಿಲ್ಲ. ಏನು ಮಾಡುವುದೆಂದು ತೋಚದೆ ಮಳೆಯಲ್ಲಿ ನಿಂತವರ ಹತ್ತಿರ ದೇಯಿ ಬಂದಳು, ಸೊಂಟದಲ್ಲಿ ದೊಡ್ಡ ಕುಕ್ಕೆ. ಉರ್ಸುಲಾಳ ಕಡೆ ನೋಡಲಿಲ್ಲ. ಒಬ್ಬೊಬ್ಬರ ಕೈಯಿಂದ ಹೂ ತೆಗೆದುಕೊಂಡು ಕುಕ್ಕೆಗೆ ಹಾಕಿ, ಮೇಲೆ ಇನ್ನೊಂದು ಕುಕ್ಕೆ ಕವುಚಿ, ಬೆಕ್ಕಿಗೆ ಎಟುಕದ ಹಾಗೆ ಅದರ ಮೇಲೆ ಒಂದು ಕಲ್ಲು ಇಟ್ಟಳು.

ಒಳಗೆ ಪೆಟ್ಟಿಗೆಯಲ್ಲಿ ಹ್ಯೂಬರ್ಟ್ ಮಲಗಿದ್ದ, ಸುತ್ತ ಬಟ್ಟೆಯ ಹೂಗಳು ಮಾತ್ರ. ಬೂದು ಮರಿ, ಈಗ ಸಾಕಷ್ಟು ಬೆಳೆದದ್ದು, ಅವನ ಬಲಗೈಯ ಪಕ್ಕದಲ್ಲಿ ಸುತ್ತಿಕೊಂಡಿತ್ತು. ಅದನ್ನು ಎಬ್ಬಿಸುವುದಕ್ಕೆ ಯಾರಿಗೂ ಕೈ ಬರಲಿಲ್ಲ.

ವಿಗಾರರು ಮೆಲ್ಲಗೆ ಹೇಳಿದರು, "ಸಮಾಧಾನ ಮಾಡಿಕೊ ಉರ್ಸುಲಾ. ಅವನಿಗೆ ಮಾತು ಬರಲಿ ಎಂದು ನೀನು ಎಷ್ಟು ಬೇಡಿದೆ. ದೇವರ ಚಿತ್ತ ಬೇರೆ ಇತ್ತು."

"ಅವನು ಮೊದಲಿಂದಲೂ ಮಾತಾಡ್ತಾ ಇದ್ದ ಫಾದರ್" ಎಂದಳು ಉರ್ಸುಲಾ. "ಕೇಳ್ಳಿಕ್ಕೆ ಬಾರದ್ದು ನನಗೆ."

ಮುಚ್ಚಳ ತಂದರು. ಅವಳು ಬಗ್ಗಿ, ಬೆಕ್ಕನ್ನು ತಮ್ಮನ ಕೈಯ ಪಕ್ಕದಿಂದ ಎತ್ತಿಕೊಂಡಳು.